ಹಳೇ ಜಾವಾ–ಯೆಜ್ಡಿ ರೈಡು, ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಬಳಗಕ್ಕೆ ಬೋರ್ಡಿಲ್ಲ, ಆಫೀಸಿಲ್ಲ. ಭಾನುವಾರ ಬೆಳಿಗ್ಗೆ ಹಳೇ ಗಾಡಿ ಹೊರಗೆ ತೆಗೆಯುವ ಒಂದಷ್ಟು ಜನ, ಅಷ್ಟೇ. ಪೆಟ್ರೋಲ್ ಬಂಕಿನಲ್ಲಿ, ಸಿಗ್ನಲ್ಲಿನಲ್ಲಿ, ಮದುವೆ ಮನೆಯಲ್ಲಿ, ರಾತ್ರಿ ಹತ್ತಕ್ಕೆ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದವು ಮೊದಲು, ಕೈಗೆ ಗ್ರೀಸ್ ಮೆತ್ತುವಂಥವು ಕೊನೆಗೆ.

## ಮೊದಲ ಸಲ ಬರುವವರು

ಎಷ್ಟು ಹಳೇದಾದ್ರೆ ವಿಂಟೇಜ್ ಅಂತೀರಾ?

ನಮ್ಮ ದೇಶದ ಕಾನೂನಿನ ಪ್ರಕಾರ ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ಜಗತ್ತಿನ ಹಳೇ ವಾಹನ ಸಂಘಗಳ ಒಕ್ಕೂಟವಾದ ಫಿವಾ 30 ವರ್ಷ ಸಾಕು ಅನ್ನುತ್ತದೆ. ನಾವು ಎರಡನ್ನೂ ತಲೆಗೆ ಹಚ್ಚಿಕೊಂಡಿಲ್ಲ. ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಕೊನೆಗೆ ಹೊರಬಂದ ಗಾಡಿಗಳಿಗೂ 2026ಕ್ಕೆ ಮೂವತ್ತು ತುಂಬುತ್ತದೆ. ಹಾಗಾಗಿ ಅಲ್ಲಿ ತಯಾರಾದ ಗಾಡಿ ಯಾವುದಾದರೂ ಸರಿ, ವಯಸ್ಸು ಕೇಳುವುದಿಲ್ಲ.

ಜಾವಾನೂ ಯೆಜ್ಡಿನೂ ಒಂದೇನಾ? ಅಪ್ಪ ಎರಡೂ ಹೆಸರು ಹೇಳ್ತಾರೆ.

ಅಪ್ಪ ಹೇಳಿದ್ದು ಸರಿ. ಜಾವಾ ಮೂಲದಲ್ಲಿ ಚೆಕೊಸ್ಲೊವಾಕಿಯಾದ್ದು. 1929ರಲ್ಲಿ ಯಾನೆಚೆಕ್ ಎಂಬಾತ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗ ಕೊಂಡ. ಅವನ ಹೆಸರಿನ ‘ಯಾ’, ಕಂಪನಿಯ ‘ವಾ’ ಸೇರಿ ಅಲ್ಲಿ ‘ಯಾವಾ’ ಆಯಿತು, ನಮ್ಮ ಬಾಯಲ್ಲಿ ಜಾವಾ. ಆ ಗಾಡಿಗಳನ್ನು ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ತಯಾರಿಸಿದ್ದು ಐಡಿಯಲ್ ಜಾವಾ. ಅರವತ್ತರ ದಶಕದಲ್ಲಿ ಟ್ಯಾಂಕಿನ ಮೇಲೆ ಜಾವಾ ಅಂತಿತ್ತು. 1973ರಿಂದ ಯೆಜ್ಡಿ ಅಂತ ಬಂತು. ಎರಡರ ಹೊಟ್ಟೆಯೊಳಗಿನ 250 ಸಿಸಿ ಟೂ ಸ್ಟ್ರೋಕ್ ಇಂಜಿನ್ ಒಂದೇ ಮನೆತನದ್ದು. ರೋಡ್‌ಕಿಂಗ್, ಕ್ಲಾಸಿಕ್, ಮೊನಾರ್ಕ್ ಎಲ್ಲ ಆಮೇಲಿನ ಮಕ್ಕಳು. ಮೈಸೂರಿನ ಹಳಬರಂತೂ ಈಗಲೂ ಎಲ್ಲವನ್ನೂ ಜಾವಾ ಅಂತಲೇ ಕರೆಯುತ್ತಾರೆ.

ನನ್ನ ಹತ್ರ ರಾಜದೂತ್ ಇದೆ. ಸೇರಿಸ್ಕೊಳ್ತೀರಾ?

ಬನ್ನಿ. ಆರ್‌ಎಕ್ಸ್ 100, ಲ್ಯಾಂಬ್ರೆಟಾ, ಹಳೇ ಬುಲೆಟ್ ಎಲ್ಲ ಬರುತ್ತವೆ. ಬುಲೆಟ್‌ನವರನ್ನು ಸ್ವಲ್ಪ ರೇಗಿಸುತ್ತೇವೆ. ಅವರೂ ಬಿಡುವುದಿಲ್ಲ, ನಮ್ಮ ಹೊಗೆಯ ಮಾತೆತ್ತುತ್ತಾರೆ.

ಮೆಂಬರ್ ಆಗೋಕೆ ಫೀಸೆಷ್ಟು?

ಇಲ್ಲ. ನಿಮ್ಮ ಪೆಟ್ರೋಲು ನಿಮ್ಮದು, ತಿಂಡಿ ಬಿಲ್ಲು ಹಂಚಿಕೊಳ್ಳುವುದು. ಹೊಸಬರ ಮೊದಲ ಕಾಫಿ ಬಳಗದ್ದು.

ರಿಪೇರಿ ಒಂದಕ್ಷರಾನೂ ಗೊತ್ತಿಲ್ಲ. ನಗ್ತಾರಾ?

ಸ್ವಲ್ಪ ನಗುತ್ತಾರೆ, ಆಮೇಲೆ ಕಲಿಸುತ್ತಾರೆ. ಬರುವ ಮೊದಲು ಒಂದೇ ಒಂದು ಕೆಲಸ ಕಲಿತು ಬನ್ನಿ: ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಹಾಕುವುದು. ಟೂ ಸ್ಟ್ರೋಕ್ ಗಾಡಿಯ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ. ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಗಾಡಿ ಆರೋಗ್ಯವಾಗಿದೆ. ಎಣ್ಣೆ ಮೆತ್ತಿ ಕಪ್ಪಗಿದ್ದರೆ ಆಯಿಲೋ ಪೆಟ್ರೋಲೋ ಜಾಸ್ತಿ ಆಗಿದೆ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಇಂಜಿನ್ ಮಿತಿಮೀರಿ ಕಾಯುತ್ತಿದೆ, ಆ ದಿನ ದೂರ ಬರಬೇಡಿ.

ಹೆಣ್ಣುಮಕ್ಕಳು ಈ ಗಾಡಿ ಓಡಿಸ್ತಾರಾ? ಕಿಕ್ ಹೊಡಿಯೋಕೆ ಆಗುತ್ತಾ?

ಓಡಿಸುತ್ತಾರೆ. ಕಿಕ್ ಹೊಡೆಯಲು ಬೇಕಾದದ್ದು ದೇಹದ ತೂಕ ಅಲ್ಲ, ಪಿಸ್ಟನ್ ಎಲ್ಲಿ ನಿಂತಿದೆ ಎಂಬ ಅಂದಾಜು. ಲಿವರನ್ನು ಮೆಲ್ಲಗೆ ಒತ್ತುತ್ತಾ ಹೋದರೆ ಒಂದು ಕಡೆ ಗಟ್ಟಿಯಾಗುತ್ತದೆ. ಅಲ್ಲಿಂದ ಒಂದೇ ಏಟು. ದಪ್ಪ ಮೈಯವರು ಬೆವರು ಸುರಿಸಿ ಹದಿನೈದು ಸಲ ಒದ್ದ ಗಾಡಿಯನ್ನು ನಮ್ಮಲ್ಲೊಬ್ಬ ಟೀಚರ್ ಎರಡನೇ ಕಿಕ್ಕಿಗೆ ಎಬ್ಬಿಸಿದ್ದಾರೆ.

## ಹೊರಡುವ ಮೊದಲು

ಬೆಳಿಗ್ಗೆ ಆರಕ್ಕೇ ಯಾಕೆ? ಒಂಬತ್ತಕ್ಕೆ ಹೊರಡೋಕಾಗಲ್ವಾ?

ನಮ್ಮ ಗಾಡಿಗಳದ್ದು ಗಾಳಿಯಿಂದ ತಣಿಯುವ ಇಂಜಿನ್. ಬೆಳಗಿನ ತಂಪು ಅವಕ್ಕೆ ಹಿತ. ಹನ್ನೊಂದರ ಬಿಸಿಲಲ್ಲಿ, ಸಿಗ್ನಲ್ಲಿಂದ ಸಿಗ್ನಲ್ಲಿಗೆ ನಿಂತು ನಿಂತು ಹೋದರೆ ಸೊರಗುತ್ತವೆ. ಇನ್ನೊಂದು ಕಾರಣ ದೀಪದ್ದು. ಹಳೇ ಗಾಡಿಗಳಲ್ಲಿರುವುದು 6 ವೋಲ್ಟ್. ಆ ಹೆಡ್‌ಲೈಟಿನ ಬೆಳಕಲ್ಲಿ ರಸ್ತೆಗುಂಡಿ ಕಾಣುವುದು ಚಕ್ರ ಅದರೊಳಗೆ ಇಳಿದ ಮೇಲೆ. ಹಾಗಾಗಿ ರಾತ್ರಿ ಓಡಿಸುವುದಿಲ್ಲ. ಕೆಟ್ಟು ನಿಂತರೂ ಕತ್ತಲಾಗುವ ಮೊದಲು ಮನೆ ಸೇರಲು ಸಮಯ ಉಳಿಯಬೇಕಲ್ಲ.

ಎಲ್ಲೆಲ್ಲಿಗೆ ಹೋಗ್ತೀರಾ?

ಹತ್ತಿರದ್ದೇ ಹೆಚ್ಚು. ಕೆಆರ್‌ಎಸ್, ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು. ಪುಳಿಯೋಗರೆ ನೆನಪಾದಾಗ ಮೇಲುಕೋಟೆ. ಹೊಸಬರು ಇರುವ ದಿನ ಚಾಮುಂಡಿ ಬೆಟ್ಟ ಹತ್ತಿ ಇಳಿಯುತ್ತೇವೆ. ಗಾಡಿ ಯಾವುದಕ್ಕೆ ತಯಾರಿದೆ, ಯಾವುದಕ್ಕಿಲ್ಲ ಅಂತ ಆ ಏರೇ ಹೇಳಿಬಿಡುತ್ತದೆ.

ವರ್ಷಕ್ಕೊಂದೆರಡು ಸಲ ಗುಂಡ್ಲುಪೇಟೆ ಕಡೆ. ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಗಾಡಿ ಬಿಡುವುದಿಲ್ಲ, ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸಲ್ಲಿ ಹೋಗಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಗಲಲ್ಲೂ ಕಾಡೊಳಗೆ ಎಲ್ಲೂ ನಿಲ್ಲಿಸುವಂತಿಲ್ಲ. ಈ ನಿಯಮ ನಮಗೆ ಗೊತ್ತಿದೆ, ಗಾಡಿಗೆ ಗೊತ್ತಿಲ್ಲ. ಅದಕ್ಕೇ ಗುಂಡ್ಲುಪೇಟೆಯಲ್ಲಿ ಪ್ರತಿ ಗಾಡಿಯ ಪ್ಲಗ್, ಚೈನ್, ಪೆಟ್ರೋಲ್ ನೋಡಿಯೇ ಮುಂದಕ್ಕೆ ಬಿಡುವುದು. ಅನುಮಾನ ಬಂದ ಗಾಡಿ ಅಲ್ಲೇ ಉಳಿಯುತ್ತದೆ, ಸವಾರ ಇನ್ನೊಬ್ಬರ ಹಿಂದೆ ಕೂರುತ್ತಾನೆ.

ಬೆಂಗಳೂರಿಂದ ಬರ್ತಿದ್ದೀನಿ. ಎಕ್ಸ್‌ಪ್ರೆಸ್‌ವೇಲಿ ಬೇಗ ಬಂದ್ಬಿಡಲಾ?

ಆಗುವುದಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಬನ್ನಿ. ಮದ್ದೂರಿನಲ್ಲಿ ವಡೆಗೆ ನಿಲ್ಲುವವರಿಗೆ ಅದೇ ಅನುಕೂಲ. ನನ್ನನ್ನು ಕೇಳಿದರೆ ಕನಕಪುರ, ಮಳವಳ್ಳಿ, ಬನ್ನೂರಿನ ದಾರಿ ಹಿಡಿಯಿರಿ. ಹೊತ್ತು ಜಾಸ್ತಿ ಹಿಡಿದರೂ ನಮ್ಮ ಗಾಡಿಯ ನಡಿಗೆಗೆ ಸರಿಹೊಂದುವ ರಸ್ತೆ ಅದು.

ಪೆಟ್ರೋಲ್ ಜೊತೆ ಆಯಿಲ್ ಎಷ್ಟು ಹಾಕ್ಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಲೀಟರಿಗೆ 40 ಮಿಲಿ ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ. ಅಂದರೆ ಇಪ್ಪತ್ತೈದಕ್ಕೆ ಒಂದು. ಹೊಸದಾಗಿ ಬೋರ್ ಮಾಡಿಸಿದ್ದರೆ (ಸಿಲಿಂಡರಿನ ಒಳಮೈ ಕೊರೆಸಿದ್ದರೆ) ಮೊದಲ ಐನೂರು ಕಿಲೋಮೀಟರ್ 50 ಮಿಲಿ ಹಾಕಿ. ಈಗಿನ ಆಯಿಲ್ ಒಳ್ಳೇದು, 30 ಸಾಕು ಅನ್ನುವವರಿದ್ದಾರೆ. ಊರೊಳಗೆ ಓಡಾಡಲು ಸಾಕೇನೋ. ಲಾಂಗ್ ರೈಡಿಗೆ ಬರುವಾಗ ಆ ಹತ್ತು ಮಿಲಿ ಉಳಿಸಲು ಹೋಗಬೇಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಂದು ಸಲ ಬಂಕಿನಲ್ಲಿ ಯಾರ ಜೊತೆಗೋ ಹರಟುತ್ತಾ ಐದು ಲೀಟರ್ ತುಂಬಿಸಿಕೊಂಡೆ. ಆಯಿಲ್ ಬಾಟಲಿ ಬ್ಯಾಗಿನಲ್ಲೇ ಉಳಿಯಿತು. ನಂಜನಗೂಡು ದಾಟಿ ಸ್ವಲ್ಪ ದೂರ ಹೋಗಿದ್ದೆ. ಇಂಜಿನ್ ಸದ್ದು ತೆಳ್ಳಗಾಯಿತು, ಡಬ್ಬಕ್ಕೆ ಸಣ್ಣ ಕಲ್ಲು ಬಡಿದ ಹಾಗೆ ಟಿಣ್ ಟಿಣ್ ಅಂತು. ಏನಪ್ಪಾ ಇದು ಅನ್ನುವಷ್ಟರಲ್ಲಿ ಹಿಂದಿನ ಚಕ್ರ ಕಟ್ಟಿ ಹಾಕಿದಂತೆ ನಿಂತು, ಟೈರು ಕಿರುಚುತ್ತಾ ಜಾರಿತು. ಕ್ಲಚ್ ಹಿಡಿದದ್ದರಿಂದ ಬಚಾವಾದೆ. ಪಿಸ್ಟನ್ ಬೋರಿಗೆ ಅಂಟಿಕೊಂಡಿತ್ತು. ಹುಣಸೆಮರದ ಕೆಳಗೆ ಮುಕ್ಕಾಲು ಗಂಟೆ ಕೂತ ಮೇಲೆ ಬಿಟ್ಟುಕೊಂಡಿತು. ಬಿಚ್ಚಿ ನೋಡಿದರೆ ಪಿಸ್ಟನ್ ಮೈತುಂಬ ಬೆಕ್ಕು ಪರಚಿದ ಗೆರೆ. ತಪ್ಪು ನನ್ನದೇ. ಅಂದಿನಿಂದ ಆಯಿಲ್ ಟ್ಯಾಂಕಿಗೆ ಬೀಳುವವರೆಗೆ ಬಂಕಿನಲ್ಲಿ ಯಾರ ಜೊತೆಗೂ ಮಾತಿಲ್ಲ.

ಟೂಲ್ಸ್ ಏನೇನು ತರಬೇಕು?

ಪ್ಲಗ್ ಎರಡು, ಪ್ಲಗ್ ಸ್ಪ್ಯಾನರ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಚೈನ್ ಲಾಕ್, ಫ್ಯೂಸ್, ಒಂದು ಟ್ಯೂಬ್, ಇನ್ಸುಲೇಶನ್ ಟೇಪ್, ಒಂದು ಮೊಳ ಬೈಂಡಿಂಗ್ ವೈರ್. ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರಲು ಕರೆಂಟನ್ನು ಕಡಿದು ಸೇರಿಸುವ ಭಾಗ) ಉಜ್ಜಲು ನಯವಾದ ಉಪ್ಪುಕಾಗದ. ಅರ್ಧ ಲೀಟರ್ ಆಯಿಲ್. ಹಳೇ ಬನಿಯನ್ ಒಂದು ಇರಲಿ, ಕೈ ಒರೆಸಲು ಅದಕ್ಕಿಂತ ಒಳ್ಳೇ ಬಟ್ಟೆ ಇಲ್ಲ. ಭಾರದ ಸ್ಪ್ಯಾನರ್, ಪಂಪು, ಮ್ಯಾಗ್ನೆಟ್ ಪುಲ್ಲರ್ ಥರದವು ಕೊನೆಯಲ್ಲಿ ಬರುವವರ ಹತ್ತಿರ ಇರುತ್ತವೆ.

## ದಾರಿಯಲ್ಲಿ

ಎಷ್ಟು ಸ್ಪೀಡಲ್ಲಿ ಹೋಗ್ತೀರಾ?

ಐವತ್ತು, ಅರವತ್ತು. ಇದಕ್ಕಿಂತ ಜೋರಾಗಿ ಹೋಗುವ ತಾಕತ್ತು ರೋಡ್‌ಕಿಂಗ್‌ಗಿದೆ. ನಿಲ್ಲಿಸುವ ತಾಕತ್ತು ಅದರ ಡ್ರಮ್ ಬ್ರೇಕಿಗೆ ಅಷ್ಟಿಲ್ಲ. ಬಳಗದ ವೇಗ ಅಂದರೆ ಅವತ್ತು ಬಂದಿರುವ ಅತಿ ನಿಧಾನದ ಗಾಡಿಯ ವೇಗ. ಆ ಗಾಡಿಯನ್ನು ಮುಂದಾಳುವಿನ ಬೆನ್ನಿಗೇ ಬಿಡುತ್ತೇವೆ, ಕೊನೆಗಲ್ಲ. ಕೊನೆಯಲ್ಲಿದ್ದರೆ ಅದರ ಸವಾರ ನಿಮ್ಮನ್ನು ಹಿಡಿಯಲು ಗಾಡಿಯ ಶಕ್ತಿ ಮೀರಿ ಓಡಿಸುತ್ತಾನೆ. ಮುಂದಿದ್ದರೆ ಉಳಿದವರೇ ಅದಕ್ಕೆ ಹೊಂದಿಕೊಳ್ಳುತ್ತಾರೆ.

ಇಪ್ಪತ್ತು ಮೂವತ್ತು ಗಾಡಿ ಇದ್ರೆ ದಾರಿ ತಪ್ಪಲ್ವಾ? ಎಲ್ಲರೂ ಮ್ಯಾಪ್ ನೋಡ್ತಾ ಓಡಿಸ್ತೀರಾ?

ಮ್ಯಾಪ್ ನೋಡುತ್ತಾ ಓಡಿಸಬಾರದು. ಜೇಬಲ್ಲಿರಲಿ ಫೋನು. ನಮ್ಮದು ಹಳೇ ಉಪಾಯ. ಎಲ್ಲರಿಗಿಂತ ಮುಂದೆ ಒಬ್ಬರು, ಎಲ್ಲರಿಗಿಂತ ಹಿಂದೆ ಒಬ್ಬರು, ಈ ಇಬ್ಬರು ಬದಲಾಗುವುದಿಲ್ಲ. ತಿರುವು ಬಂದಾಗ ಮುಂದಾಳುವಿನ ಹಿಂದಿರುವವರು ಅಲ್ಲೇ ಬದಿಗೆ ನಿಂತು ಕೈ ತೋರಿಸುತ್ತಾರೆ. ಎಲ್ಲ ಗಾಡಿ ದಾಟಿ, ಕೊನೆಯವರು ಕಂಡ ಮೇಲೆ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿಗೆ ಬೇರೊಬ್ಬರು. ಹೀಗೆ ಸರದಿ ಸುತ್ತುತ್ತದೆ. ಮೊದಲ ಸಲ ಬಂದವರಿಗೆ ಈ ಕೆಲಸ ಸಿಕ್ಕರೆ ಭಾರೀ ಖುಷಿ, ಟ್ರಾಫಿಕ್ ಪೊಲೀಸರಿಗಿಂತ ಗಟ್ಟಿಯಾಗಿ ಕೈ ಬೀಸುತ್ತಾರೆ.

ಹತ್ತಕ್ಕಿಂತ ಜಾಸ್ತಿ ಗಾಡಿ ಇದ್ದರೆ ಏಳೆಂಟರ ತಂಡ ಮಾಡಿ ನಡುವೆ ಜಾಗ ಬಿಡುತ್ತೇವೆ. ಬಸ್ಸು, ಕಾರು ನಮ್ಮನ್ನು ದಾಟಿ ಹೋಗಬೇಕಲ್ಲ. ಒಂದು ಗಾಡಿ ಲೇನಿನ ಬಲಕ್ಕೆ, ಹಿಂದಿನದು ಸ್ವಲ್ಪ ಎಡಕ್ಕೆ, ಹೀಗೆ ಅಡ್ಡ ಅಡ್ಡ. ಜೋಡಿಯಾಗಿ ಮಾತಾಡುತ್ತಾ ಹೋಗುವುದು ಬೇಡ. ಸಿಗ್ನಲ್ ಕೆಂಪಾದರೆ ನಿಲ್ಲಿ. ಮುಂದಿನವರು ಹೋದರಲ್ಲಾ ಅಂತ ನುಗ್ಗಬೇಡಿ, ಅವರು ಕಾಯುತ್ತಾರೆ.

ನಂದು ಹೊಸ ಜಾವಾ. ಬರಬಹುದಾ, ಮುಖ ಸಿಂಡರಿಸ್ತಾರಾ?

ಹೊಸ ಜಾವಾ ಮಾರುಕಟ್ಟೆಗೆ ಬಂದದ್ದು 2018ರಲ್ಲಿ, ಹೊಸ ಯೆಜ್ಡಿ 2022ರಲ್ಲಿ. ಇವು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಇಂಜಿನ್. ಹಳೇದಕ್ಕೂ ಇದಕ್ಕೂ ಹೆಸರಿನ ನಂಟು ಮಾತ್ರ. ಒಂದಿಬ್ಬರು ಗೊಣಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ನಿಮ್ಮನ್ನು ಹಿಂದಿನ ಅರ್ಧದಲ್ಲಿ ಬರಲು ಹೇಳುತ್ತೇವೆ. ಅದು ಅವಮಾನ ಅಲ್ಲ, ಬ್ರೇಕಿನ ಲೆಕ್ಕ. ನಿಮ್ಮದು ಡಿಸ್ಕ್, ಹಿಡಿದಲ್ಲಿ ನಿಲ್ಲುತ್ತದೆ. ನಮ್ಮದು ಡ್ರಮ್, ಯೋಚನೆ ಮಾಡಿ ನಿಲ್ಲುತ್ತದೆ. ನೀವು ಮುಂದಿದ್ದು ತಟ್ಟನೆ ಬ್ರೇಕ್ ಹಾಕಿದರೆ ಹಿಂದಿರುವ 1968ರ ಜಾವಾ ನಿಮ್ಮ ನಂಬರ್ ಪ್ಲೇಟಿಗೆ ಬಂದು ಗುದ್ದುತ್ತದೆ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸೋಕೆ ಇಂಜಿನ್ ಆಫ್ ಮಾಡ್ಬಹುದಾ?

ಖಂಡಿತ ಬೇಡ. ಬ್ರೇಕ್ ಒಂದನ್ನೇ ನಂಬಿ ಇಳಿದರೆ ಡ್ರಮ್ ಕಾದು, ಮೂರನೇ ತಿರುವಿಗೆ ಹಿಡಿತ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಆದರೆ ಟೂ ಸ್ಟ್ರೋಕಿಗೆ ಇನ್ನೊಂದು ಕಿತಾಪತಿ ಇದೆ. ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೂ ಗೇರಲ್ಲಿ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಹೋಗುತ್ತಿರುವುದಿಲ್ಲ. ಅದಕ್ಕೇ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುಗಿಸಿ. ಒಂದು ಗುಟುಕು ಕುಡಿಸಿದ ಹಾಗೆ. ಆಗುಂಬೆ, ಚಾರ್ಮಾಡಿಯಂಥ ಇಳಿಜಾರಿನಲ್ಲಿ ನಮ್ಮ ಸಾಲಿನಿಂದ ಬುರ್ರ್ ಬುರ್ರ್ ಸದ್ದು ಬರುವುದು ಇದಕ್ಕೇ, ಶೋಕಿಗಲ್ಲ.

ಹಿಂದೆ ಬರೋರು ಹೊಗೆ ಕುಡೀಬೇಕಾ?

ಸ್ವಲ್ಪ. ವಿಪರೀತ ಹೊಗೆ ಬಿಡುವ ಗಾಡಿಯ ಸವಾರರಿಗೆ ಸೈಲೆನ್ಸರ್ ಬಿಚ್ಚಿ ಒಳಗಿನ ಕರಿ ಸುಟ್ಟು ಬನ್ನಿ ಅಂತ ಮುಲಾಜಿಲ್ಲದೆ ಹೇಳುತ್ತೇವೆ.

## ಗಾಡಿ ಕೈಕೊಟ್ಟಾಗ

ನನ್ನ ಗಾಡಿ ಮಧ್ಯದಲ್ಲಿ ನಿಂತ್ರೆ ಬಿಟ್ಟು ಹೋಗ್ತೀರಾ?

ಇಲ್ಲ. ನಿಜ ಹೇಳಬೇಕೆಂದರೆ ಯಾರದ್ದಾದರೂ ಒಂದು ಗಾಡಿ ನಿಲ್ಲಲಿ ಅಂತ ಕೆಲವರು ಒಳಗೊಳಗೇ ಕಾಯುತ್ತಿರುತ್ತಾರೆ. ತಿಂಡಿಯ ಟೇಬಲ್ಲಿನಲ್ಲಿ ಹೊಸಬರು ಹೊಸಬರ ಜೊತೆ, ಹಳಬರು ಹಳಬರ ಜೊತೆ ಕೂರುತ್ತಾರೆ. ರಸ್ತೆ ಬದಿಯಲ್ಲಿ ನಿಂತ ಗಾಡಿಯ ಸುತ್ತ ಮಾತ್ರ ಎಲ್ಲ ಒಟ್ಟಿಗೆ ಬಗ್ಗುತ್ತಾರೆ. ಬ್ಯಾಂಕ್ ಮ್ಯಾನೇಜರ್ ಟಾರ್ಚ್ ಹಿಡಿಯುತ್ತಾರೆ, ಕಾಲೇಜು ಹುಡುಗ ಪಾಯಿಂಟ್ ಉಜ್ಜುತ್ತಾನೆ, ನಿವೃತ್ತ ಮೇಷ್ಟ್ರು ‘ಅದಲ್ಲಪ್ಪಾ, ಇದು’ ಅನ್ನುತ್ತಾರೆ. ನನಗೆ ಬಳಗದಲ್ಲಿ ಹತ್ತಿರದವರಾದವರೆಲ್ಲ ಹೀಗೆ ಕೆಟ್ಟು ನಿಂತ ಗಾಡಿಯ ಬದಿಯಲ್ಲೇ ಸಿಕ್ಕವರು.

ಕ್ರಮ ಇಷ್ಟು. ಕೊನೆಯ ಸವಾರ ಮತ್ತು ಇಬ್ಬರು ನಿಮ್ಮ ಜೊತೆ ನಿಲ್ಲುತ್ತಾರೆ. ಉಳಿದವರು ಮುಂದಿನ ಟೀ ಅಂಗಡಿಯಲ್ಲಿ ಕಾಯುತ್ತಾರೆ. ರಸ್ತೆ ಮೇಲೆ ಮೂವತ್ತು ಜನ ಗುಂಪು ಕಟ್ಟುವುದು ಅಪಾಯ. ಮೊದಲು ಪೆಟ್ರೋಲ್ ಬರುತ್ತಿದೆಯಾ, ಆಮೇಲೆ ಕಿಡಿ ಬರುತ್ತಿದೆಯಾ ನೋಡುವುದು. ಹಳೇ ಜಾವಾದಲ್ಲಿ ಕಿಡಿ ಬರುವುದು ಬ್ಯಾಟರಿಯಿಂದ, ಹಾಗಾಗಿ ಬ್ಯಾಟರಿ ಸತ್ತಿದ್ದರೆ ಎಷ್ಟು ಒದ್ದರೂ ಇಲ್ಲ. ಒಂದು ಗಂಟೆ ದಾಟಿದರೆ ಲಗೇಜ್ ಆಟೊಗೆ ಫೋನ್ ಮಾಡುತ್ತೇವೆ. ಆ ಬಾಡಿಗೆ ನಿಮ್ಮದು.

ಕ್ಲಚ್ ಕೇಬಲ್ ಕಟ್ಟಾದ್ರೆ ಮನೆಗೆ ಹೇಗೆ ಬರೋದು?

ಬೇರೆ ಗಾಡಿಯಾದರೆ ತಳ್ಳಬೇಕು. ಜಾವಾದವರು ಓಡಿಸಿಕೊಂಡೇ ಬರಬಹುದು. ಇದರ ಗೇರ್ ಲಿವರ್ ಒತ್ತಿದರೆ ಒಳಗೊಂದು ಕ್ಯಾಮ್ ತಾನೇ ಕ್ಲಚ್ ಬಿಡಿಸುತ್ತದೆ. ಹೊರಡುವಾಗ ಲಿವರನ್ನು ಮೊದಲ ಗೇರಿಗೆ ಒತ್ತಿ ಹಾಗೇ ಹಿಡಿದುಕೊಳ್ಳಿ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಕಾಲನ್ನು ಮೆಲ್ಲಗೆ, ಕ್ಲಚ್ ಬಿಡುವ ಹಾಗೇ ಬಿಡಿ. ಒಂದೆರಡು ಸಲ ಜಿಗಿಯುತ್ತದೆ, ಆಮೇಲೆ ಕಾಲಿಗೆ ಅಂದಾಜು ಬರುತ್ತದೆ. ಕ್ಯಾಮ್ ಸವೆದ ಗಾಡಿಯಲ್ಲಿ ನಡೆಯುವುದಿಲ್ಲ. ನಿಮ್ಮದು ಸವೆದಿದೆಯಾ ಅಂತ ಮನೆ ಮುಂದಿನ ಖಾಲಿ ರಸ್ತೆಯಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.

ಅದೇ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಗಾಡಿ ಕೇಳಿ ತೆಗೆದುಕೊಂಡ ಸ್ನೇಹಿತರು ‘ಕಿಕ್ಕರೇ ಇಲ್ವಲ್ಲೋ’ ಅಂತ ಫೋನ್ ಮಾಡುವುದು ಪ್ರತಿ ಜಾವಾ ಮಾಲೀಕ ಅನುಭವಿಸಿರುವ ಸುಖ.

## ಕೂಟ, ಮನೆಯವರು

ಜಾವಾ ಡೇ ಯಾವತ್ತು? ಏನು ಮಾಡ್ತೀರಾ?

ಪ್ರತಿ ವರ್ಷ ಜುಲೈ ಎರಡನೇ ಭಾನುವಾರ. ಬೇರೆ ಬೇರೆ ಊರಲ್ಲಿ ಅವತ್ತು ಜಾವಾ, ಯೆಜ್ಡಿಯವರು ಸೇರುತ್ತಾರೆ. ಮೆರವಣಿಗೆಯ ಥರ ಊರು ಸುತ್ತುವುದಿದ್ದರೆ ಪೊಲೀಸರಿಗೆ ಮೊದಲೇ ಪತ್ರ ಕೊಟ್ಟು ಅನುಮತಿ ತೆಗೆದುಕೊಳ್ಳಬೇಕು. ಜುಲೈ ಅಂದರೆ ಮಳೆ. ಪಾಯಿಂಟಿನ ಕವರ್ ಒಳಗೆ ನೀರು ಹೋಗಿ ನಾಲ್ಕಾರು ಗಾಡಿ ಕೆಮ್ಮುವುದು ವಾಡಿಕೆ. ಅವತ್ತು ಭಾಷಣ ಬೇಡ ಅಂತ ಪ್ರತಿ ಸಲ ತೀರ್ಮಾನ ಆಗುತ್ತದೆ, ಪ್ರತಿ ಸಲವೂ ಒಬ್ಬರು ಮಾಡುತ್ತಾರೆ.

ಹೆಂಡತಿ ಮಕ್ಕಳನ್ನ ಕರ್ಕೊಂಡು ಬರಬಹುದಾ?

ಬನ್ನಿ. ಹಿಂದೆ ಕೂರುವವರಿಗೂ ಐಎಸ್‌ಐ ಹೆಲ್ಮೆಟ್ ಬೇಕೇ ಬೇಕು. ನಾಲ್ಕು ವರ್ಷದೊಳಗಿನ ಮಗು ಇದ್ದರೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಹಾಕಬೇಕು, ವೇಗ 40 ಮೀರಬಾರದು, ಅದು ಕಾನೂನು. ಅಷ್ಟು ಪುಟ್ಟ ಮಕ್ಕಳನ್ನು ಕಾರಿನಲ್ಲಿ ನೇರ ತಿಂಡಿಯ ಜಾಗಕ್ಕೇ ಕರೆತನ್ನಿ ಅನ್ನುತ್ತೇನೆ ನಾನು. ಮನೆಯವರಿಗೆ ಒಂದು ಎಚ್ಚರಿಕೆಯನ್ನೂ ಮೊದಲೇ ಕೊಟ್ಟಿರಿ: ಮಾತೆಲ್ಲ ಕಾರ್ಬೊರೇಟರ್ ಬಗ್ಗೆಯೇ ಇರುತ್ತದೆ.

ಆಯುಧಪೂಜೆಗೆ ಎಲ್ಲ ಸೇರ್ತೀರಂತೆ?

ಹೌದು. ಗಾಡಿ ತೊಳೆದು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಸಾಲಾಗಿ ನಿಲ್ಲಿಸುತ್ತೇವೆ. ಕುಂಕುಮವನ್ನು ಟ್ಯಾಂಕಿನ ಬಣ್ಣದ ಮೇಲೆ ನೇರ ಹಚ್ಚಬೇಡಿ, ಕಲೆ ಉಳಿಯುತ್ತದೆ. ಒಡೆದ ಕುಂಬಳದ ಚೂರು ರಸ್ತೆಯಿಂದ ಎತ್ತಿ ಹಾಕಿಯೇ ಹೊರಡುವುದು. ಅದರ ಮೇಲೆ ಜಾರಿ ಬಿದ್ದವರಲ್ಲಿ ನಾನೂ ಒಬ್ಬ.

ನಿಂತಲ್ಲೆಲ್ಲ ‘ಮಾರ್ತೀರಾ’ ಅಂತಾರೆ. ಏನು ಹೇಳೋದು?

ನಕ್ಕುಬಿಡಿ. ಮೈಲೇಜ್ ಎಷ್ಟು, ಎಷ್ಟಕ್ಕೆ ಕೊಡ್ತೀರಾ, ನಮ್ಮ ಮಾವನ ಹತ್ತಿರ ಒಂದಿತ್ತು. ಈ ಮೂರು ಮಾತು ಬರದೆ ಟೀ ಮುಗಿಯುವುದಿಲ್ಲ.

ಮೈಸೂರಿನಲ್ಲಿ ಮಾತ್ರ ನಾಲ್ಕನೇದೂ ಬರುತ್ತದೆ. ಒಂದು ಸಲ ಒಂಟಿಕೊಪ್ಪಲಿನಲ್ಲಿ ಗಾಡಿ ನಿಲ್ಲಿಸಿದ್ದೆ. ಹೊಸದಾಗಿ ಬಣ್ಣ ಹೊಡೆಸಿ, ಗೆರೆ ಎಳೆಸಿ, ಕ್ರೋಮ್ ಮಾಡಿಸಿ ತಂದಿದ್ದೆ. ಹಾಲಿನ ಪ್ಯಾಕೆಟ್ ಹಿಡಿದ ಹಿರಿಯರೊಬ್ಬರು ಸುತ್ತ ಎರಡು ಸುತ್ತು ಬಂದರು. ಹೊಗಳುತ್ತಾರೆ ಅಂತ ಕಾಯುತ್ತಿದ್ದೆ. ‘ಈ ಟ್ಯಾಂಕು ಈ ಗಾಡೀದಲ್ಲ ಕಣಪ್ಪಾ’ ಅಂದರು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಜೋಡಣೆ ಕೆಲಸ ಮಾಡಿದವರು. ಟ್ಯಾಂಕಿನ ಪಕ್ಕದ ರಬ್ಬರ್ ಕೂರುವ ಜಾಗ ಬೆರಳಲ್ಲಿ ಮುಟ್ಟಿ ತೋರಿಸಿದರು. ಸರಿಯಾಗೇ ಹೇಳಿದ್ದರು. ಗಾಡಿ ಯಾವ ವರ್ಷದ್ದು, ಯಾವ ಭಾಗ ಎಲ್ಲಿಯದ್ದು ಎಂಬ ಜಗಳವನ್ನು ಕೂಟದಲ್ಲಿ ಈಗ ಇಂಥವರ ಮುಂದೆಯೇ ಇಡುತ್ತೇವೆ.

## ಕಾಗದಪತ್ರ

ಆರ್‌ಸಿ ಅವಧಿ ಮುಗಿದಿದೆ. ಭಾನುವಾರ ಬೆಳಿಗ್ಗೆ ಯಾರು ಹಿಡೀತಾರೆ, ಬರಲಾ?

ಬರಬೇಡಿ. ಹಿಡಿಯುತ್ತಾರೋ ಇಲ್ಲವೋ ಬೇರೆ ಮಾತು. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನು. ನೋಂದಣಿಗೆ 15 ವರ್ಷ ಆದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಆರ್‌ಟಿಒಗೆ ಗಾಡಿ ತೋರಿಸಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್, ಎಮಿಷನ್ ಟೆಸ್ಟ್ ಚಾಲ್ತಿಯಲ್ಲಿರಬೇಕು. ಎಂವೈ ಎಂದು ಶುರುವಾಗುವ ಹಳೇ ನಂಬರಿನ ಗಾಡಿ ಕೊಳ್ಳುವವರು ದುಡ್ಡು ಕೊಡುವ ಮೊದಲು ಬಿ ಎಕ್ಸ್‌ಟ್ರ್ಯಾಕ್ಟ್ (ಆರ್‌ಟಿಒ ದಾಖಲೆಯ ನಕಲು) ತೆಗೆಸಿ. ಅದರಲ್ಲಿರುವ ಇಂಜಿನ್, ಚಾಸಿಸ್ ನಂಬರನ್ನು ಗಾಡಿಯ ಮೇಲಿನದಕ್ಕೆ ಒಂದೊಂದಾಗಿ ಹೋಲಿಸಿ.

ವಿಂಟೇಜ್ ನಂಬರ್ ಪ್ಲೇಟ್ ಮಾಡಿಸಿದ್ರೆ ಒಳ್ಳೇದಾ?

2021ರಲ್ಲಿ ಬಂದ ನಿಯಮ ಇದು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಎ ಅಕ್ಷರಗಳಿರುವ ಬೇರೆ ನಂಬರ್ ಸಿಗುತ್ತದೆ. ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ, ಆಮೇಲೆ ನವೀಕರಣಕ್ಕೆ 5,000. ಆದರೆ ಆ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಥರದ ಕೆಲಸಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯ ಓಡಿಸುವಂತಿಲ್ಲ. ದೇವರಾಜ ಮಾರುಕಟ್ಟೆಗೆ ಹೋಗಿ ಸೊಪ್ಪು ತರುವುದೂ ಇದೇ ಗಾಡಿಯಲ್ಲಿ ಅನ್ನುವವರಿಗೆ ಇದು ಬೇಡ. ನಾನು ಮಾಡಿಸಿಲ್ಲ.

## ಹಳಬರು ಕೇಳುವವು

ಎಥನಾಲ್ ಪೆಟ್ರೋಲ್ ಹಾಕಿ ಗಾಡಿ ಹಾಳಾಗ್ತಿದೆಯಾ?

ಪೂರ್ತಿ ಅದರ ಮೇಲೇ ತಪ್ಪು ಹೊರಿಸಬೇಡಿ, ಆದರೆ ತೊಂದರೆ ನಿಜ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅರವತ್ತು, ಎಪ್ಪತ್ತರ ದಶಕದ ರಬ್ಬರು ಇದಕ್ಕಾಗಿ ಮಾಡಿದ್ದಲ್ಲ. ಪೈಪು ಮೆತ್ತಗಾಗುತ್ತದೆ, ಪೆಟ್ರೋಲ್ ಕಾಕಿನ (ಟ್ಯಾಂಕಿನ ಕೆಳಗಿನ ನಲ್ಲಿಯ) ವಾಷರ್ ಉಬ್ಬುತ್ತದೆ, ಸೋರಲು ಶುರುವಾಗುತ್ತದೆ. ಅದಕ್ಕಿಂತ ದೊಡ್ಡದು ನೀರಿನ ಸಮಸ್ಯೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅಲ್ಲೇ ತುಕ್ಕು ಹುಟ್ಟುವುದು.

ರಬ್ಬರ್ ಪೈಪು, ವಾಷರ್‌ಗಳನ್ನು ಈಗಿನ ಪೆಟ್ರೋಲಿಗೆ ತಡೆಯುವಂಥವಕ್ಕೆ ಬದಲಿಸಿ. ಮೂರು ವಾರ ಓಡಿಸುವುದಿಲ್ಲ ಅಂತಾದರೆ ಟ್ಯಾಂಕ್ ಖಾಲಿ ಮಾಡಿ. ಕಾಕ್ ಮುಚ್ಚಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಲು ಬಿಟ್ಟರೆ ಕಾರ್ಬೊರೇಟರ್ ಬೌಲ್ ಒಣಗುತ್ತದೆ. ಎಥನಾಲ್ ಜೊತೆ ಮಿಶ್ರಣ ತುಸು ತೆಳುವಾಗುವುದರಿಂದ ಪ್ಲಗ್ ಬೆಳ್ಳಗಾಗುತ್ತಿದೆಯಾ ನೋಡುತ್ತಿರಿ.

ಬಿಸಿಯಾದ ಮೇಲೆ ನಿಲ್ಸಿದ್ರೆ ಸ್ಟಾರ್ಟ್ ಆಗಲ್ಲ. ಟೀ ಕುಡಿದು ಬಂದ್ರೆ ಒಂದೇ ಕಿಕ್ಕು. ಯಾಕೆ?

ಮೊದಲ ಅನುಮಾನ ಕಂಡೆನ್ಸರ್ ಮೇಲೆ, ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಭಾಗ ಅದು. ಕಾದಾಗ ಅದು ಒಳಗೊಳಗೇ ಸೋರಿ ಕಿಡಿ ಸಣ್ಣದಾಗುತ್ತದೆ, ತಣ್ಣಗಾದರೆ ಸರಿಹೋಗುತ್ತದೆ. ಪಾಯಿಂಟ್ ತೆರೆಯುವಾಗ ಅಲ್ಲೇ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಖಾತ್ರಿ. ಬದಲಿಸಿ, ಪಾಯಿಂಟ್ ಗ್ಯಾಪನ್ನು 0.4 ಮಿಲಿಮೀಟರಿಗೆ ಕೂರಿಸಿ. ಆಮೇಲೂ ಹಾಗೇ ಇದ್ದರೆ ಇಗ್ನಿಷನ್ ಕಾಯಿಲ್, ಅದೂ ಸರಿ ಇದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್. ಸೀಲಿನ ಮಾತು ಬಂದರೆ ಇಂಜಿನ್ ಇಳಿಸಬೇಕು, ಅದು ಎರಡು ಭಾನುವಾರದ ಕೆಲಸ.

ಅಪ್ಪನ ಯೆಜ್ಡಿ ಹತ್ತು ವರ್ಷದಿಂದ ಮನೆ ಹಿಂದೆ ನಿಂತಿದೆ. ಮುಂದಿನ ರೈಡಿಗೆ ತರಬೇಕು. ಸುಮ್ನೆ ಕಿಕ್ ಹೊಡೆದು ನೋಡಲಾ?

ಹೊಡೆಯಬೇಡಿ! ಒಳಗೆ ತುಕ್ಕು ಹಿಡಿದಿದ್ದರೆ ಮೊದಲ ಏಟಿಗೇ ರಿಂಗ್ ಮುರಿಯುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಚಮಚ ಟೂಟಿ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇರಲಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಅಲುಗದಿದ್ದರೆ ಬಲ ಹಾಕಬೇಡಿ, ಮೆಕ್ಯಾನಿಕ್ಕನ್ನು ಕರೆಯಿರಿ.

ತಿರುಗಿದರೆ ಅರ್ಧ ಗೆದ್ದ ಹಾಗೆ. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ, ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿ. ಗೇರ್ ಬಾಕ್ಸ್ ಆಯಿಲ್ ಬದಲಿಸಿ. ಬ್ರೇಕ್ ಶೂ, ಎರಡೂ ಟೈರು, ಎಲ್ಲ ಕೇಬಲ್ ಹೊಸದು ಹಾಕಿಸಿ. ಟೈರು ಸವೆದಿಲ್ಲವಲ್ಲಾ ಅನ್ನಬೇಡಿ, ಹತ್ತು ವರ್ಷ ನಿಂತ ರಬ್ಬರು ಕಲ್ಲಾಗಿರುತ್ತದೆ. ಬ್ಯಾಟರಿ ಹೊಸದು. ಪಾಯಿಂಟ್ ಉಜ್ಜಿ. ಒಂದು ಲೀಟರ್ ಪೆಟ್ರೋಲಿಗೆ 50 ಮಿಲಿ ಆಯಿಲ್ ಕಲಸಿ ಹಾಕಿ.

ಆಮೇಲೆ ಅಪ್ಪನನ್ನು ಕರೆಯಿರಿ, ಕಿಕ್ ಅವರೇ ಹೊಡೆಯಲಿ. ಸಿಲಿಂಡರಿನಲ್ಲಿ ಬಿಟ್ಟ ಎಣ್ಣೆಯೆಲ್ಲ ಸುಟ್ಟು ಹತ್ತು ನಿಮಿಷ ಹಿತ್ತಲು ತುಂಬ ಬಿಳೀ ಹೊಗೆ ಕವಿಯುತ್ತದೆ, ಗಾಬರಿಯಾಗಬೇಡಿ. ಹಿತ್ತಲ ತಂತಿಯಲ್ಲಿ ಒಗೆದ ಬಟ್ಟೆ ಇದ್ದರೆ ಮೊದಲೇ ಒಳಗೆ ತೆಗೆದಿಡಿ. ಅಮ್ಮನ ಸೀರೆ ಇದ್ದರಂತೂ ಮರೆಯಲೇಬೇಡಿ.